ದೇವರ ಕೆಲಸ ಹೆಚ್ಚಿತು, ದೇವರ ಹತ್ತಿರ ಕೂರುವುದು ನಿಂತಿತು

ಪ್ರಶ್ನೆ: ಅಯ್ಯನವರಿಗೆ ವಂದನೆ. ನನಗೆ 43 ವರ್ಷ, ಉಡುಪಿ ಕಡೆಯವಳು, ಕಾಲೇಜಿನ ಆಫೀಸಿನಲ್ಲಿ ಕೆಲಸ. ಹದಿನೈದು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಗಾಯನ ಮಂಡಳಿಯಲ್ಲಿ ಹಾಡುತ್ತೇನೆ, ಸ್ತ್ರೀಯರ ಸಂಘಕ್ಕೆ ಕಾರ್ಯದರ್ಶಿ, ಈ ಸಲ ಬೆಳೆ ಹಬ್ಬದಲ್ಲಿ ಸಭೆಯವರು ತಂದ ಫಸಲಿನ ಏಲಂ ಲೆಕ್ಕವೂ ನನ್ನ ತಲೆಗೇ ಬಂತು. ಮೊನ್ನೆ ಚರ್ಚಿನಲ್ಲಿ, ಯೇಸುವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಮೊಣಕಾಲೂರಿದ್ದೆ. ರೊಟ್ಟಿ ಕೈಗೆ ಬಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಬಾಳೆಗೊನೆಯ ಬಾಕಿ ದುಡ್ಡು. ಮನೆಗೆ ಬಂದು ಅತ್ತುಬಿಟ್ಟೆ. ಎಲ್ಲ ಜವಾಬ್ದಾರಿ ಬಿಟ್ಟುಬಿಡಲೇ? ಕೆಲಸ, ಮನೆ, ಮಗಳ ಪಿಯುಸಿ ಇವೆಲ್ಲದರ ನಡುವೆ ದೇವರನ್ನೇ ಮುಖ್ಯವಾಗಿ ಹುಡುಕುತ್ತಾ ಬಾಳುವುದು ನನ್ನಂಥವಳಿಗೆ ಆಗುವ ಮಾತೇ?

ಉತ್ತರ: ಸಹೋದರಿ, ಆ ಬಾಳೆಗೊನೆಯ ಸಾಲನ್ನು ಎರಡೆರಡು ಸಲ ಓದಿದೆ. ಅತ್ತಿರಲ್ಲ, ಅದರಿಂದ ನನಗೆ ಸಮಾಧಾನವೇ ಆಯಿತು. ದೇವರು ಬೇಡವಾದವರಿಗೆ ಆ ಅಳು ಬರುವುದಿಲ್ಲ.

ಮಾರ್ಥಳ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀರೋ! ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಈಗ ನಿಮಗೋಸ್ಕರ ಓದಿ. ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಆತನ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಳು, ಮಾರ್ಥಳು ಉಪಚಾರಕ್ಕೆ ಓಡಾಡುತ್ತಿದ್ದಳು. ಉಪಚಾರದ ಗಡಿಬಿಡಿಯಲ್ಲಿ ಅವಳ ಮನಸ್ಸು ಚದುರಿತು ಎನ್ನುವ ಕಡೆ ಮೂಲ ಗ್ರೀಕಿನಲ್ಲಿರುವ ಪದಕ್ಕೆ, ಸುತ್ತ ಎಲ್ಲ ದಿಕ್ಕಿಗೂ ಎಳೆದಾಡಿಸಿಕೊಳ್ಳುವುದು ಎಂಬ ಅರ್ಥವಿದೆ. ಅವಳು ಅಡುಗೆ ಮಾಡುತ್ತಿದ್ದದ್ದು ಯೇಸುವಿಗೇ. ಆ ಅಡುಗೆಯೇ ಆತನ ಕಡೆಗೆ ಮುಖ ತಿರುಗಿಸಲು ಬಿಡುವು ಕೊಡಲಿಲ್ಲ. ಕೊನೆಗೆ ತಂಗಿಯ ಮೇಲಿನ ಸಿಟ್ಟನ್ನು ತಂದು ಆತನ ಮುಂದೆಯೇ ಸುರಿದಳು. ಸಭೆಯಲ್ಲಿ ದುಡಿದು ದುಡಿದು ಬಳಲಿದವರ ಬಾಯಲ್ಲಿ ಇಂಥ ದೂರು ನಾನು ತುಂಬ ಕೇಳಿದ್ದೇನೆ.

ಆದರೆ ಮಾರ್ಥಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೋಹಾನನ 11ನೇ ಅಧ್ಯಾಯದಲ್ಲಿ, ಒಡಹುಟ್ಟಿದ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದ್ದಾಗ, ನೀನು ದೇವಕುಮಾರನಾದ ಕ್ರಿಸ್ತನೆಂದು ನಂಬಿದ್ದೇನೆ ಅಂದವಳು ಇವಳೇ. 12ನೇ ಅಧ್ಯಾಯದಲ್ಲಿ, ಯೆಹೂದ್ಯರ ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ, ಬೇಥಾನ್ಯದ ಊಟದಲ್ಲಿ ಮತ್ತೆ ಬಡಿಸುತ್ತಿರುವವಳೂ ಇವಳೇ. ಮರಿಯಳು ಈ ಸಲವೂ ಯೇಸುವಿನ ಪಾದದ ಹತ್ತಿರವೇ ಇದ್ದಾಳೆ, ಬಡಿಸಲು ಬಂದಿಲ್ಲ. ಮಾರ್ಥಳು ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಅಲ್ಲೇ ಸಿಗುತ್ತದೆ. ಎಲ್ಲವನ್ನೂ ಬಿಡಬೇಕಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಸಭಾಪಾಲಕನಾಗಿ ಐದಾರು ವರ್ಷ ಆಗಿತ್ತು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಗೆ ಹೋಗಿ, ಬೈಬಲ್ ತೆರೆದು, ನಾಲ್ಕು ಮಾತು ಹೇಳಿದೆ. ಅವರು ಹಾಡಿನ ಪುಸ್ತಕದ ಕಿತ್ತುಹೋದ ರಟ್ಟನ್ನು ಸವರುತ್ತಾ, "ಇದು ಭಾನುವಾರದ ಪ್ರಸಂಗದ್ದಲ್ಲವಾ ಅಯ್ಯಾ? ಇವತ್ತು ಬೆಳಿಗ್ಗೆ ಎಂಥ ಓದಿದಿರಿ?" ಅಂದರು. ಆ ಬೆಳಿಗ್ಗೆ ನಾನು ಏನೂ ಓದಿರಲಿಲ್ಲ. ಪ್ರಸಂಗಕ್ಕೆ ಬಿಟ್ಟರೆ ಬೈಬಲ್ ತೆರೆಯದೆ ತಿಂಗಳುಗಳೇ ಕಳೆದಿದ್ದವು. ನೀವು ರೊಟ್ಟಿ ಕೈಯಲ್ಲಿ ಹಿಡಿದು ಕಂಡದ್ದನ್ನು ನಾನು ಆ ಹಾಸಿಗೆಯ ಪಕ್ಕ ಕಂಡೆ.

ಹಾಗಾಗಿ ಮೊದಲು, ಬೆಳಿಗ್ಗೆ ಮೊಬೈಲ್ ಮುಟ್ಟುವ ಮುಂಚೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ, ನಿಧಾನವಾಗಿ, ಬಾಯಿಬಿಟ್ಟು. ಅದರಿಂದ ಸಂಡೇ ಸ್ಕೂಲಿಗೆ ಪಾಠ ಹೆಕ್ಕಬೇಡಿ, ಅದು ನಿಮ್ಮ ಊಟ. 27ನೆಯದರಿಂದ ಶುರುಮಾಡಿ. ಸುತ್ತ ವೈರಿಗಳಿದ್ದರೂ ಆ ಕೀರ್ತನೆಗಾರ ಕೇಳುವುದು ಒಂದೇ, ಬಾಳಿರುವವರೆಗೂ ಯೆಹೋವನ ಮನೆಯಲ್ಲಿದ್ದು ಆತನನ್ನು ನೋಡುತ್ತಿರಬೇಕು ಎಂದು. ಮನಸ್ಸು ಒಣಗಿದ್ದರೆ 63ನೆಯದನ್ನು ಓದಿ, ಅದು ನೀರಿಲ್ಲದ ನೆಲದಲ್ಲಿ ನಿಂತವನ ಪ್ರಾರ್ಥನೆ. ಒಣಗಿದೆ ಎಂದು ದೇವರಿಗೇ ಹೇಳುವುದೂ ಆತನನ್ನು ಹುಡುಕುವುದೇ.

ಎರಡನೆಯದು, ಒಂದು ಜವಾಬ್ದಾರಿ ಮಾತ್ರ ಇಳಿಸಿ. ಲೆಕ್ಕ ಒಪ್ಪಿಸಿದ ಮೇಲೆ ರಶೀದಿ ಪುಸ್ತಕ ಬೇರೆಯವರ ಕೈಗೆ ಹೋಗಲಿ. ನೀವಿಲ್ಲದಿದ್ದರೆ ಆಗುವುದಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. ಆ ಮಾತಿಗೆ ಸೋತು ಬಳಲಿ ಕೂತವರು ನಮ್ಮ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ, ನನಗೆ ಅದು ನೋವಿನ ವಿಷಯ.

ಉಳಿದ ಕೆಲಸಗಳನ್ನು ದೇವರ ಎದುರೇ ಮಾಡಲು ಕಲಿಯಬಹುದು. 17ನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಯುದ್ಧದಲ್ಲಿ ಗಾಯವಾಗಿ ಕಾಲು ಕುಂಟುತ್ತಿತ್ತು. ಅವರ ಪಾಲಿಗೆ ಬಂದದ್ದು ಅಡುಗೆಮನೆ, ಅವರಿಗೆ ಇಷ್ಟವೇ ಇಲ್ಲದ ಕೆಲಸ. ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಸಣ್ಣಸಣ್ಣ ಮಾತಾಡುವುದನ್ನು ಅವರು ವರ್ಷಗಟ್ಟಲೆ ರೂಢಿ ಮಾಡಿಕೊಂಡರು. ಆಫೀಸಿನಲ್ಲಿ ಫೈಲು ತೆರೆಯುವಾಗ, ಮಗಳಿಗೆ ಬುತ್ತಿ ಕಟ್ಟುವಾಗ, "ಕರ್ತನೇ, ಜೊತೆಗಿರು" ಅನ್ನಲು ಉಸಿರೆಳೆದುಕೊಳ್ಳುವಷ್ಟು ಹೊತ್ತು ಸಾಕು. ಮಗಳ ಮೇಲಿನ ಪ್ರೀತಿ ಇದರಿಂದ ಕಡಿಮೆಯಾಗುವುದಿಲ್ಲ, ಅವಳ ಮಾರ್ಕ್ಸಿನ ಭಯ ಕಡಿಮೆಯಾದೀತು.

ಮೊದಲ ವಾರ ಕೀರ್ತನೆಯ ನಡುವೆ ಬಾಳೆಗೊನೆ ಖಂಡಿತ ನೆನಪಿಗೆ ಬರುತ್ತದೆ. ಬೈಬಲ್ ಪಕ್ಕ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ನೆನಪಾದದ್ದನ್ನು ಬರೆದಿಟ್ಟು, ನಿಲ್ಲಿಸಿದ ವಚನಕ್ಕೆ ವಾಪಸು ಬನ್ನಿ. ಹತ್ತು ಸಲ ಮನಸ್ಸು ಹೋದರೆ ಹತ್ತು ಸಲವೂ ಬನ್ನಿ.