ಕೋಆಕ್ಸ್ ತುದಿಗೆ ರೆಸಿಸ್ಟರ್ ಬೇಕಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತು ಅಂದರೆ ಮೈಸೂರು, ಮಂಡ್ಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಂದ ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲ ಬೇರೆ ಬೇರೆಯಾಗಿ ಬರೆದು ಸಾಕಾಗಿದೆ. ಎಸ್11, ಅಂದರೆ ಪೋರ್ಟಿಗೆ ವಾಪಸ್ ಬರುವ ಅಲೆಯ ಲೆಕ್ಕ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಸಾಫ್ಟ್‌ವೇರ್ ಮುಚ್ಚಿ ಪಠ್ಯಪುಸ್ತಕ ತೆರೆಯಿರಿ.

ಪ್ರಶ್ನೆ: ಮೇಡಂ, 2.45 ಗಿಗಾಹರ್ಟ್ಸ್ ಪ್ಯಾಚ್ ಆಂಟೆನಾಗೆ (ಬೋರ್ಡ್ ಮೇಲಿನ ಚಪ್ಪಟೆ ಲೋಹದ ಆಂಟೆನಾ) ಕೆಳಗಿನಿಂದ ಕೋಆಕ್ಸ್ (ನಡುವೆ ಪಿನ್, ಸುತ್ತ ಶೀಲ್ಡ್ ಇರುವ ಕೇಬಲ್) ಫೀಡ್ ಕೊಟ್ಟಿದ್ದೇನೆ. ಎಚ್‌ಎಫ್‌ಎಸ್‌ಎಸ್‌ನಲ್ಲಿ (ಆಂಟೆನಾ ಸಿಮ್ಯುಲೇಷನ್ ಸಾಫ್ಟ್‌ವೇರ್) ಕೇಬಲ್ ತುದಿಗೆ 50 ಓಮ್ ರೆಸಿಸ್ಟರ್ ಹಾಕಿ, ಅಲ್ಲೇ ವೇವ್ ಪೋರ್ಟನ್ನೂ (ಸಿಗ್ನಲ್ ಒಳಗೆ ಬಿಡುವ ಮುಖ) ಕೊಟ್ಟೆ. ಎಸ್11 ಸರಿ ಬರುತ್ತಿಲ್ಲ. ಪೋರ್ಟನ್ನು ಐದು ಪಟ್ಟು ದೊಡ್ಡದು ಮಾಡಿ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ಮಾಡಿದೆ, ಇನ್ನೂ ಕೆಟ್ಟಿತು. (ಮಂಡ್ಯದ ವಿದ್ಯಾರ್ಥಿ)

ಉತ್ತರ: ಮೊದಲು ಆ ರೆಸಿಸ್ಟರ್ ಕಿತ್ತುಹಾಕಿ. ವೇವ್ ಪೋರ್ಟೇ ಲೋಡ್. ಅದರ ಹಿಂದೆ ಅದೇ ಅಳತೆಯ ಕೇಬಲ್ ಕೊನೆಯಿಲ್ಲದೆ ಹೋಗಿದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ವಾಪಸ್ ಬಂದ ಅಲೆಯನ್ನು ಪೋರ್ಟೇ ನುಂಗುತ್ತದೆ. ಎರಡು ಪೋರ್ಟ್ ಇದ್ದರೂ ಅಷ್ಟೇ: ಒಂದನ್ನು ಓಡಿಸುವಾಗ ಇನ್ನೊಂದು ಮ್ಯಾಚ್ ಆಗಿಯೇ ಇರುತ್ತದೆ. ನೀವು ಹಾಕಿದ ರೆಸಿಸ್ಟರ್ ಆಂಟೆನಾಗೆ ಪ್ಯಾರಲಲ್ ಆಗಿ ಕೂತಿದೆ. ಆಂಟೆನಾ ಸರಿಯಾಗಿ 50 ಓಮ್ ಇದ್ದರೆ ಪೋರ್ಟಿಗೆ ಕಾಣುವುದು 25 ಓಮ್, ಎಸ್11 ಸುಮಾರು −9.5 ಡಿಬಿ. ಆಂಟೆನಾ ಕೆಟ್ಟು ಓಪನ್ ಆದಾಗ ಮಾತ್ರ ಗ್ರಾಫ್ ಚಂದ ಕಾಣುತ್ತದೆ! ಯಾಕೆ ಅಂದರೆ ಪವರ್ ಎಲ್ಲ ರೆಸಿಸ್ಟರ್‌ಗೆ ಹೋಗುತ್ತದೆ.

ಇನ್ನು ಆ ಐದು ಪಟ್ಟು. ಅದು ಮೈಕ್ರೋಸ್ಟ್ರಿಪ್‌ಗೆ (ಬೋರ್ಡ್ ಮೇಲೆ ಎಳೆದ ಲೋಹದ ಪಟ್ಟಿ) ಹೇಳುವ ಮಾತು. ಅಲ್ಲಿ ಫೀಲ್ಡ್ ಗಾಳಿಗೂ ಹರಡಿರುತ್ತದೆ, ಪೋರ್ಟ್ ದೊಡ್ಡದಿರಬೇಕು. ಕೋಆಕ್ಸ್‌ನಲ್ಲಿ ಎಲ್ಲವೂ ಶೀಲ್ಡ್ ಒಳಗೇ. ಪೋರ್ಟಿನ ವೃತ್ತ, ಪಿನ್ನಿಗೂ ಶೀಲ್ಡ್‌ಗೂ ನಡುವಿನ ಟೆಫ್ಲಾನ್‌ನ ಹೊರ ಅಂಚಿಗೆ ಸರಿಯಾಗಿ ಕೂರಬೇಕು. ಅದನ್ನು ಮೀರಿ ಗಾಳಿಗೆ ಚಾಚಿದರೆ ಪೋರ್ಟಿನ ಅಂಚನ್ನು ಎಚ್‌ಎಫ್‌ಎಸ್‌ಎಸ್ ಲೋಹ ಅಂದುಕೊಳ್ಳುತ್ತದೆ. ಆಗ ಶೀಲ್ಡ್‌ಗೂ ಆ ಅಂಚಿಗೂ ನಡುವೆ ನೀವು ಕೇಳದ ಇನ್ನೊಂದು ಕೋಆಕ್ಸ್ ಹುಟ್ಟುತ್ತದೆ. ವಿಡಿಯೊ ಮಾಡಿದವರಿಗೆ ಲೈಕ್ ಬಂತು, ನಿಮಗೆ ತಲೆನೋವು ಬಂತು.

ಪೋರ್ಟ್ ಏರ್ ಬಾಕ್ಸ್‌ನ (ಆಂಟೆನಾ ಸುತ್ತ ಬರೆಯುವ ಗಾಳಿಯ ಪೆಟ್ಟಿಗೆ) ಹೊರ ಮುಖದ ಮೇಲಿರಲಿ. ಒಳಗೇ ಇಡಬೇಕಾದರೆ ಹಿಂಬದಿಗೆ ಪರ್ಫೆಕ್ಟ್ ಕಂಡಕ್ಟರ್ ಬಿಲ್ಲೆ ಮುಚ್ಚಿ.

ಆಮೇಲೆ ಪೋರ್ಟನ್ನು ಮಾತ್ರ ಸಾಲ್ವ್ ಮಾಡಿ ನೋಡಿ. ಫೀಲ್ಡ್ ತೋರಿಸುವ ಬಾಣಗಳು ಪಿನ್ನಿನಿಂದ ಶೀಲ್ಡ್ ಕಡೆಗೆ ಸುತ್ತಲೂ ಸಮವಾಗಿ ಹೋಗಿರಬೇಕು. ಇಂಪೀಡೆನ್ಸ್ 50ರ ಹತ್ತಿರ ಇರಬೇಕು. ಎಸ್‌ಎಂಎ ಕನೆಕ್ಟರಿನ ಪಿನ್ 1.27 ಮಿ.ಮೀ., ಟೆಫ್ಲಾನ್ ಸುಮಾರು 4.2 ಮಿ.ಮೀ. ಇವೆರಡೂ ವ್ಯಾಸ. ಎಚ್‌ಎಫ್‌ಎಸ್‌ಎಸ್ ಕೇಳುವುದು ತ್ರಿಜ್ಯ. ಟೆಫ್ಲಾನ್ ತ್ರಿಜ್ಯಕ್ಕೆ 2.1 ಅಂತ ಸರಿಯಾಗಿ ಹಾಕಿ, ಪಿನ್ನಿಗೆ ಮಾತ್ರ 1.27 ಹಾಗೇ ಟೈಪ್ ಮಾಡಿದರೆ ನಿಮ್ಮ ಕೇಬಲ್ ಸುಮಾರು 21 ಓಮ್ ಆಯಿತು. ರೀನಾರ್ಮಲೈಸ್ (ಫಲಿತಾಂಶವನ್ನು 50 ಓಮ್‌ಗೆ ಹೋಲಿಸಿ ಕೊಡುವ) ಆಯ್ಕೆ ಹಾಕಿಲ್ಲ ಅಂದರೆ ಎಸ್11 ಆ 21 ಓಮ್‌ಗೇ ಹೋಲಿಸಿ ಬರುತ್ತದೆ. ಫೀಡ್ ಜಾಗ ಸರಿಸಿ ಸರಿಸಿ −30 ಡಿಬಿ ತರುತ್ತೀರಿ. ಬೋರ್ಡ್ ಮಾಡಿಸಿ ನಿಜವಾದ ಕನೆಕ್ಟರ್ ಬೆಸೆದು ಅಳೆದಾಗ −8 ಬರುತ್ತದೆ. ಆಗ ಬೋರ್ಡ್ ಮಾಡಿಕೊಟ್ಟವನನ್ನು ಬೈಯುತ್ತೀರಿ. ಅವನದೇನು ತಪ್ಪು, ಹೇಳಿ?

ಕೇಬಲ್ ಉದ್ದ ಎಷ್ಟು ಬರೆಯಬೇಕು ಅಂತಲೂ ಕೇಳುತ್ತಾರೆ. ಮೀಟರ್‌ಗಟ್ಟಲೆ ಸುಮ್ನೆ ದಂಡ. ಈ ಅಳತೆಯಲ್ಲಿ ಮುಂದಿನ ಮೋಡ್, ಅಂದರೆ ನಮಗೆ ಬೇಡದ ಫೀಲ್ಡ್ ಮಾದರಿ, ಶುರುವಾಗುವುದು ಸುಮಾರು 24 ಗಿಗಾಹರ್ಟ್ಸ್‌ಗೆ. 2.45ರಲ್ಲಿ ಅದು ಪ್ರತಿ ಮಿಲಿಮೀಟರಿಗೆ 6 ಡಿಬಿಗಿಂತ ಜಾಸ್ತಿ ಸಾಯುತ್ತದೆ. 8 ಮಿ.ಮೀ. ಇದ್ದರೆ ಧಾರಾಳ, ಬೇಕಾದರೆ ಡಿಎಂಬೆಡ್ ಮಾಡಿ (ಆ ಉದ್ದದ ಪರಿಣಾಮವನ್ನು ಲೆಕ್ಕದಿಂದ ಕಳೆಯಿರಿ). ನನಗೆ ಎಸ್11 ಗ್ರಾಫ್ ಕಳಿಸುವವರು ಪೋರ್ಟಿನ ಫೀಲ್ಡ್ ಚಿತ್ರವನ್ನೂ ಜೊತೆಗೆ ಕಳಿಸಿ. ಅದಿಲ್ಲದ ಗ್ರಾಫನ್ನು ನಾನು ನೋಡುವುದಿಲ್ಲ.

ಪ್ರಶ್ನೆ: ರೇಡಿಯೇಷನ್ ಬಾಕ್ಸ್ (ಅದೇ ಏರ್ ಬಾಕ್ಸ್) ಆಂಟೆನಾದಿಂದ ಎಷ್ಟು ದೂರ ಇರಬೇಕು?

ಉತ್ತರ: ಕಾಲು ತರಂಗಾಂತರ. 2.45ಕ್ಕೆ ಸುಮಾರು 31 ಮಿ.ಮೀ.

ಪ್ರಶ್ನೆ: ಮನೆಯಲ್ಲಿ ಟಿವಿ ಕೇಬಲ್ ಮಿಕ್ಕಿದೆ, ಬಳಸಬಹುದಾ?

ಉತ್ತರ: ಅದು 75 ಓಮ್. ಟಿವಿಗೇ ಇರಲಿ.

ಪ್ರಶ್ನೆ: ಪ್ರಾಜೆಕ್ಟ್ ಸೆಂಟರ್‌ನವರು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ರೆಡಿ ಫೈಲ್ ಎರಡೂ ಕೊಡುತ್ತಾರಂತೆ. ತಗೊಳ್ಳಬಹುದಾ?

ಉತ್ತರ: ಬೇಡ. ಎಚ್‌ಎಫ್‌ಎಸ್‌ಎಸ್ ಮಾಡುವ ಅನ್ಸಿಸ್‌ನವರ ಸ್ಟೂಡೆಂಟ್ ಆವೃತ್ತಿ ಉಚಿತ, ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಓಪನ್‌ಇಎಂಎಸ್ ಕೂಡ ಉಚಿತ. ರೆಡಿ ಫೈಲ್‌ನಲ್ಲಿ ಪೋರ್ಟ್ ಯಾಕೆ ಅಲ್ಲಿದೆ ಅಂತ ವೈವಾದಲ್ಲಿ ಕೇಳಿದರೆ ಸೆಂಟರ್‌ನವನು ಬಂದು ಉತ್ತರ ಹೇಳುತ್ತಾನಾ?

ಪ್ರಶ್ನೆ: ಎಸ್11 ಇಡೀ ಬ್ಯಾಂಡಿನಲ್ಲಿ 0 ಡಿಬಿಗೇ ಅಂಟಿಕೊಂಡಿದೆ. (ಕುವೆಂಪುನಗರದಿಂದ)

ಉತ್ತರ: ಗ್ರೌಂಡ್ ಹಾಳೆಯಲ್ಲಿ ಪಿನ್ ಸುತ್ತ ರಂಧ್ರ ಕತ್ತರಿಸಲು ಮರೆತಿದ್ದೀರಿ. ಟೆಫ್ಲಾನ್‌ನಷ್ಟೇ ಅಗಲ, 4.2 ಮಿ.ಮೀ. ಕತ್ತರಿಸಿ. ಆಮೇಲೂ ಹಾಗೇ ಇದ್ದರೆ ಪಿನ್ ಪ್ಯಾಚ್‌ವರೆಗೆ ಮುಟ್ಟಿದೆಯಾ ನೋಡಿ.