ಫೋಟೋ ತೆಗೆದು ಮತ್ತೆ ಹೇಳ್ತೇನೆ

(ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕಥೆ. ವಯಸ್ಸು, ಮನೆ, ತರಗತಿಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಕಾಸರಗೋಡು ಜಿಲ್ಲೆಯ ಉತ್ತರದ ಕಡೆಯ ಒಂದು ಕನ್ನಡ ಮಾಧ್ಯಮ ಅನುದಾನಿತ ಶಾಲೆಯ ಮಾಸ್ಟ್ರು. ವಯಸ್ಸು ನಲವತ್ತರ ಹತ್ತಿರ, ಸರ್ವೀಸು 15 ವರ್ಷ. ಕೂತ ಕೂಡಲೇ ಹೇಳಿದ್ದು ಇಷ್ಟು: "ಮೇಡಂ, ಕೆಲಸ ಬಿಟ್ಟು ತೋಟ ನೋಡಿಕೊಳ್ಳುವ ಅನಿಸ್ತಾ ಉಂಟು. ಹೆಂಡತಿ ಬೈತಾಳೆ, ಸಂಬಳದ ಕೆಲಸ ಬಿಡುವವರುಂಟಾ ಅಂತ."

ಕೊಳೆರೋಗದ ವರ್ಷ ಅಡಿಕೆ ತೋಟ ಎಷ್ಟು ನೆಮ್ಮದಿ ಕೊಡುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮೊದಲು ನಿದ್ದೆ, ಊಟ ವಿಚಾರಿಸಿದೆ. ಬದುಕೇ ಬೇಡ ಅನಿಸುತ್ತದಾ ಎಂದೂ ನೇರವಾಗಿ ಕೇಳಿದೆ. ಹಾಗೇನಿಲ್ಲ. ಶನಿವಾರ ಚೆನ್ನಾಗಿಯೇ ಇರುತ್ತಾರೆ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ. ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ, ಅದರಲ್ಲೂ ತೊಂದರೆ ಕಾಣಲಿಲ್ಲ.

ಕಷ್ಟ ಹೇಳುವಾಗ ಅವರು ಮೇ ತಿಂಗಳಿಂದ ಶುರು ಮಾಡಿದರು. ಮಕ್ಕಳನ್ನು ಸೇರಿಸಲು ಬಿಸಿಲಲ್ಲಿ ಮನೆಮನೆ ಸುತ್ತಬೇಕು. ಜೂನಿನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ತಲೆ ಎಣಿಕೆ. ಮಕ್ಕಳು ಕಮ್ಮಿಯಾದರೆ ಡಿವಿಜನ್, ಅಂದರೆ ತರಗತಿಯ ಒಂದು ವಿಭಾಗ, ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆಗೂ ಕುತ್ತು. ಇನ್ನು ತರಬೇತಿ ಮಲಯಾಳದಲ್ಲಿ, ಪಾಠ ಕನ್ನಡದಲ್ಲಿ. ರಾತ್ರಿ ಕೂತು ಕನ್ನಡಕ್ಕೆ ಮಾಡಿಕೊಳ್ಳಬೇಕು. ಜೊತೆಗೆ ಪ್ರತಿ ಚಟುವಟಿಕೆಗೂ ವಾಟ್ಸಾಪ್ ಗ್ರೂಪಿಗೆ ಫೋಟೋ.

ಹುದ್ದೆಯ ಭಯವೇ ಬೇರು ಎಂದು ನಾನು ತಿಳಿದೆ. ಎರಡು ಭೇಟಿ ಅದರಲ್ಲೇ ಕಳೆದೆವು. ಸುಮ್ನೆ ಹೋಯಿತು ಎನ್ನಬೇಕು.

ಮೂರನೇ ಸಲ ಒಂದು ನೋಟ್‌ಬುಕ್ ಕೊಟ್ಟೆ. ಎರಡು ವಾರ, ಪ್ರತಿ ಪೀರಿಯಡ್ಡಿಗೆ ಎರಡು ಸಾಲು: ಏನು ಮಾಡಿದೆ, ಜೀವ ಬಂತಾ ಹೋಯಿತಾ. ತಂದು ತೋರಿಸಿದಾಗ ಒಂದು ಗುರುವಾರದ ಪುಟದಲ್ಲಿ ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು.

ಐದನೇ ಕ್ಲಾಸು, ಗಣಿತ. ಮಕ್ಕಳು ಹಿಡಿಸೂಡಿ ಕಡ್ಡಿಯಿಂದ ಬೆಂಚು ಅಳೆಯುತ್ತಿದ್ದರು. ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬಳು ಹುಡುಗಿ, ಜೂನಿನಿಂದ ಕ್ಲಾಸಲ್ಲಿ ಬಾಯಿ ಬಿಟ್ಟವಳಲ್ಲ. ಅವತ್ತು ಎದ್ದು ಬಂದು ಕೇಳಿದಳಂತೆ: "ಮಾಸ್ಟ್ರೇ, ಕಡ್ಡಿ ಬಗ್ಗಿದ್ರೆ ಅಳತೆ ಕಮ್ಮಿ ಆಗ್ತದಾ?" ಇವರು, "ನಿಲ್ಲು, ಫೋಟೋ ತೆಗೆದು ಮತ್ತೆ ಹೇಳ್ತೇನೆ" ಎಂದರು. ಫೋಟೋ ತೆಗೆದರು, ಕಳಿಸಿದರು, ಬೆಲ್ಲಾಯಿತು. ಆ ಫೋಟೋ ಫೋನಿನಲ್ಲಿ ಇನ್ನೂ ಇತ್ತು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಅವಳು ಮಾತ್ರ ಕಡ್ಡಿ ಹಿಡಿದುಕೊಂಡು ಮಾಸ್ಟ್ರ ಮುಖ ನೋಡುತ್ತಿದ್ದಾಳೆ.

ತೋರಿಸುವಾಗ ಅವರ ಕಣ್ಣು ತುಂಬಿತು. ನನಗೂ ದಾರಿ ಕಂಡದ್ದು ಆಗಲೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಬಾಸ್ಟನ್ ಸುತ್ತಿನ 94 ಶಿಕ್ಷಕರನ್ನು ಮಾತಾಡಿಸಿ 1975ರಲ್ಲಿ ಹೇಳಿದ್ದು ಇದೇ. ಶಿಕ್ಷಕರಿಗೆ ದೊಡ್ಡ ತೃಪ್ತಿ ಸಂಬಳದಿಂದಲ್ಲ, ಮಗುವಿಗೆ ಪಾಠ ಮುಟ್ಟಿತು ಎಂದು ಗೊತ್ತಾಗುವ ಗಳಿಗೆಯಿಂದ. ಅವರ ದೊಡ್ಡ ದೂರುಗಳಲ್ಲೊಂದು, ಆ ಗಳಿಗೆಯನ್ನು ತುಂಡು ಮಾಡುವ ಗುಮಾಸ್ತೆ ಕೆಲಸ. ಬಾಸ್ಟನ್ ಎಲ್ಲಿ, ನಮ್ಮೂರೆಲ್ಲಿ! ಮಾಸ್ಟ್ರಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಾನು ಸೋಮಾರಿ ಅಲ್ಲ ಅಲ್ವಾ?" ಎಂದು ಕೇಳಿದರು. ಇಷ್ಟು ದಿನ ತನ್ನನ್ನು ಹಾಗೇ ಬೈದುಕೊಳ್ಳುತ್ತಿದ್ದರಂತೆ.

ಕೆಲಸದಿಂದ ಬಳಲಿದವರಲ್ಲಿ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮೂರು ಗುರುತು ಹೇಳುತ್ತಾರೆ: ಪೂರ್ತಿ ದಣಿವು, ಎದುರಿಗಿರುವವರ ಮೇಲೆ ತಾತ್ಸಾರ, ನನ್ನಿಂದೇನೂ ಆಗದು ಎಂಬ ಭಾವನೆ. ಇವರಲ್ಲಿ ಮೊದಲನೆಯದು, ಮೂರನೆಯದು ಇತ್ತು. ತಾತ್ಸಾರ ಇರಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂದು ಅಳುವವರಿಗೆ ಮಕ್ಕಳ ಮೇಲೆ ಎಲ್ಲಿಯ ತಾತ್ಸಾರ? ನನಗೆ ಧೈರ್ಯ ಬಂದದ್ದು ಇದರಿಂದ.

ರಾಜೀನಾಮೆಯ ಮಾತು ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಬೇಡ ಎಂದೆ. ಪೀರಿಯಡ್ ನಡೆಯುವಾಗ ಫೋನು ಸ್ಟಾಫ್‌ರೂಮಿನಲ್ಲಿರಲಿ. ಫೋಟೋ ಶುಕ್ರವಾರ ಮಾತ್ರ, ಎರಡೇ. ಇದನ್ನು ಕದ್ದು ಮಾಡಬೇಡಿ, ಹೆಡ್‌ಮಾಸ್ಟ್ರಿಗೆ ಮೊದಲೇ ಹೇಳಿ ಎಂದೆ. ಹೇಗೆ ಹೇಳುವುದು ಎಂದು ನನ್ನ ಎದುರಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿದರು. ಮೊದಲ ಸಲ ಬರೀ ಕ್ಷಮೆ ಕೇಳುವ ಧಾಟಿ! ಕನ್ನಡಕ್ಕೆ ಮಾಡಿಕೊಳ್ಳುವ ಕೆಲಸವನ್ನು ಪಕ್ಕದ ಶಾಲೆಯ ಟೀಚರ್ ಒಬ್ಬರ ಜೊತೆ ಹಂಚಿಕೊಳ್ಳಲು ಹೇಳಿದೆ. ಅವರೂ ರಾತ್ರಿ ಕೂತು ಅದೇ ಪಾಠ ಬರೆಯುತ್ತಿದ್ದರು, ಇವರಿಗೆ ಗೊತ್ತೇ ಇರಲಿಲ್ಲ.

ಹೆಡ್‌ಮಾಸ್ಟ್ರು ಒಪ್ಪಿದರು, ಆದರೆ "ಮೇಲಿನವರು ಕೇಳಿದ್ರೆ ನೀವೇ ಉತ್ತರ ಕೊಡಿ" ಎಂದರಂತೆ. ನಡುವೆ ಎರಡು ವಾರ ಮಾಸ್ಟ್ರು ಮತ್ತೆ ಫೋನು ಹಿಡಿದುಕೊಂಡೇ ಕ್ಲಾಸಿಗೆ ಹೋಗಿದ್ದೂ ಉಂಟು. ಹುಡುಗಿಯ ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆದು ಒಂದು ಇಡೀ ಪೀರಿಯಡ್ ಕಡ್ಡಿ ಬಗ್ಗಿಸಿದರು, ಅರ್ಧ ಕ್ಲಾಸು ಒಂದು ಕಡೆ, ಅರ್ಧ ಇನ್ನೊಂದು ಕಡೆ. ಹೊಟ್ಟೆ ತೊಳಸುವುದು ಕಮ್ಮಿಯಾಗಿದೆ. ತಲೆ ಎಣಿಕೆಯ ಭಯ ಹಾಗೇ ಇದೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಮುಂದಿನ ಭೇಟಿಯನ್ನು ಮೇ ಮೊದಲ ವಾರಕ್ಕೆ ಇಟ್ಟಿದ್ದೇವೆ, ಅವರು ಮನೆಮನೆ ಸುತ್ತಲು ಹೊರಡುವ ಮೊದಲು.