ಮುಂಬೈ ಲೋವರ್ ಪರೇಲ್‌ನ ಹೊಸ ಕಾಕ್‌ಟೇಲ್ ಬಾರ್‌ಗೆ ಹೆಂಡತಿ ಜೊತೆ: ಏನು ಆರ್ಡರ್ ಮಾಡೋದು?

ಹೆಂಡತಿ ಜೊತೆ ಬಾರ್‌ಗೆ ಹೋದ್ರೆ ಏನು ಆರ್ಡರ್ ಮಾಡೋದು ಅಂತ ಕೇಳಿದ್ದೀರಿ; ಅವರು ಅಪ್ಪಟ ಸಸ್ಯಾಹಾರಿ, ಜಾಸ್ತಿ ಸಿಹಿ ಆಗಲ್ಲ ಅಂದಿದ್ದೀರಿ. ಮೊದಲು ನೊರೆ ವಿಚಾರ. ವಿಸ್ಕಿ ಸಾರ್ (ವಿಸ್ಕಿ, ನಿಂಬೆ, ಪಾಕದ ಹುಳಿ ಕಾಕ್‌ಟೇಲ್) ಮೇಲಿನ ದಪ್ಪ ಬಿಳಿ ನೊರೆ ಬಹಳ ಕಡೆ ಹಸಿ ಮೊಟ್ಟೆಯ ಬಿಳಿಯದ್ದೇ. ಕಡಲೆ ಬೇಯಿಸಿದ ನೀರಲ್ಲೂ ಅದೇ ನೊರೆ ಬರುತ್ತೆ, ಅದಾಗುತ್ತಾ ಕೇಳಿ. ಬ್ಲಡಿ ಮೇರಿ (ವೋಡ್ಕಾ, ಟೊಮ್ಯಾಟೊ ರಸದ ಕಾಕ್‌ಟೇಲ್) ಬೇಕಿದ್ರೆ ಅದಕ್ಕೆ ಹಾಕೋ ವೂಸ್ಟರ್ ಸಾಸ್ ಬಾಟ್ಲಿ ತರಿಸಿ ಲೇಬಲ್ ಓದಿ. ಇಂಗ್ಲೆಂಡಿನ ಮೂಲ ಸಾಸ್‌ನಲ್ಲಿ ಆಂಚೋವಿ ಮೀನಿದೆ.

ಸಿಹಿ ಬೇಡ ಅಂತ ನೆಗ್ರೋನಿಗೆ ಹಾರಬೇಡಿ. ಜಿನ್, ಕಂಪಾರಿ (ಕಹಿ ಕೆಂಪು ಮದ್ಯ), ಸ್ವೀಟ್ ವರ್ಮುತ್ (ಗಿಡಮೂಲಿಕೆ ಹಾಕಿದ ಸಿಹಿ ವೈನ್) ತಲಾ 30 ಎಂಎಲ್, ಜ್ಯೂಸೂ ಇಲ್ಲ ಸೋಡಾನೂ ಇಲ್ಲ. ಹೊಸಬರಿಗೆ ಕಷಾಯ ಅನಿಸುತ್ತೆ. ಟಾಮ್ ಕಾಲಿನ್ಸ್ ವಾಸಿ: ಜಿನ್, ನಿಂಬೆ, ಪಾಕ, ಮೇಲೆ ಸೋಡಾ. ಪಾಕ ಅರ್ಧ ಹಾಕಿ ಅನ್ನಿ, ಪೂರ್ತಿ ತೆಗೆಸಬೇಡಿ, ಬರೀ ಹುಳಿ ಗಂಟಲು ಕೆರೆಯುತ್ತೆ.

ಬಿಲ್ಲಲ್ಲಿ ಮದ್ಯಕ್ಕೆ ವ್ಯಾಟ್, ಊಟಕ್ಕೆ ಜಿಎಸ್‌ಟಿ ಬೇರೆ ಬೇರೆ ಇರಬೇಕು. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡ ಅಂದ್ರೆ ತೆಗೀಬೇಕು. ಮಹಾರಾಷ್ಟ್ರದಲ್ಲಿ ಜಿನ್, ವಿಸ್ಕಿಗೆ 25 ವರ್ಷ ಆಗಿರಬೇಕು, ಇಬ್ಬರ ಐಡಿಯೂ ಇರಲಿ. ಕಾರು ಮನೇಲಿರಲಿ, 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದ್ರೆ ಕೇಸು.